ಬಸವನಗುಡಿಯ ಹಿತ್ತಿಲ ಸಂದಿ

ಬೆಂಗಳೂರಿನ ಬಸವನಗುಡಿಯ ಹಳೆಯ ಮನೆಗಳಿಗೆ ಎರಡು ದಾರಿಗಳಿದ್ದವು. ಮುಂದಿನದು ಮರಗಳ ನೆರಳಿನ ಅಗಲವಾದ ರಸ್ತೆ. ನೆಂಟರು, ಪುರೋಹಿತರು, ಅಂಚೆಯವರು ಬರುತ್ತಿದ್ದುದು ಅಲ್ಲಿಂದ. ಹಿಂದಿನದು ಎರಡು ಸಾಲು ಹಿತ್ತಿಲುಗಳ ನಡುವೆ ಹಾದುಹೋಗುವ ಕಿರಿದಾದ ಸಂದಿ. ಅದಕ್ಕೆ ‘ಕನ್ಸರ್ವೆನ್ಸಿ’ ಎಂಬ ಹೆಸರು ಬಿದ್ದು, ಅದೇ ಜನರ ಬಾಯಲ್ಲಿ ನಿಂತಿತು. ನನ್ನ ಅಜ್ಜಿಯ ಮನೆಯ ಹಿತ್ತಿಲ ಗೋಡೆಯಲ್ಲಿ, ನೆಲಕ್ಕೆ ಹತ್ತಿಕೊಂಡಂತೆ, ಒಂದು ಮೊಳ ಎತ್ತರದ ತಗಡಿನ ಬಾಗಿಲಿತ್ತು. ಚಿಲಕ ತುಕ್ಕು ಹಿಡಿದು ಚೌಕಟ್ಟಿಗೆ ಅಂಟಿಕೊಂಡಿತ್ತು. ಬಾಗಿಲು ಅಷ್ಟು ಗಿಡ್ಡ ಏಕೆ ಎಂದು ಚಿಕ್ಕಂದಿನಲ್ಲಿ ಕೇಳಿದಾಗ ಅಜ್ಜಿ, “ಅದು ಹಿಂದಿನ ಕಾಲದ್ದು ಮಗು, ಮುಟ್ಟಬೇಡ” ಎಂದಷ್ಟೇ ಹೇಳಿ ಮಾತು ಬದಲಿಸಿದ್ದರು. ಅದು ಮನುಷ್ಯರು ಓಡಾಡುವ ಬಾಗಿಲಾಗಿರಲಿಲ್ಲ, ಕಕ್ಕಸಿನ ಮಲವನ್ನು ಹೊರಗಿನಿಂದ ಎಳೆದುಕೊಳ್ಳಲು ಮಾಡಿದ ಕಿಂಡಿಯಾಗಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಈ ಬಡಾವಣೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಮುಂದಿನ ರಸ್ತೆಯಲ್ಲಿ ನಿಂತು ಹೇಳುತ್ತಾರೆ. ಹಿಂದಿನ ಸಂದಿಯಿಂದಲೂ ಅದನ್ನು ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳಲ್ಲಿ ರೈಲುದಾರಿ ಹಿಡಿದು ದಕ್ಷಿಣಕ್ಕೆ ಇಳಿಯಿತು. 1898ರ ಆಗಸ್ಟ್ ತಿಂಗಳಲ್ಲಿ ಅದು ಬೆಂಗಳೂರಿಗೆ ಕಾಲಿಟ್ಟಾಗ ಚಿಕ್ಕಪೇಟೆ, ಬಳೆಪೇಟೆ, ಅಕ್ಕಿಪೇಟೆಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು, ಗಾಳಿ ಬೆಳಕಿಗೆ ಎಡೆಯಿಲ್ಲದಂತೆ ಇದ್ದವು. ಧಾನ್ಯ ತುಂಬಿದ ಉಗ್ರಾಣವೂ ಜನ ಮಲಗುವ ಕೋಣೆಯೂ ಒಂದೇ ಸೂರಿನಡಿಯಲ್ಲಿದ್ದ ಕಡೆ ಇಲಿಗಳಿಗೆ ಕೊರತೆಯೇನಿತ್ತು? ‘ಇಲಿ ಬಿತ್ತು’ ಎಂಬ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಜನ ಪಾತ್ರೆಪಡಗ ಕಟ್ಟಿಕೊಂಡು ಊರ ಹೊರಗಿನ ಶೆಡ್ಡುಗಳಿಗೆ ನಡೆಯುತ್ತಿದ್ದರು. ರೋಗ ಇಳಿಯಲೆಂದು ಬೇಡಿಕೊಂಡ ಪ್ಲೇಗಿನ ಅಮ್ಮನ ಗುಡಿಗಳು ನಗರದ ಹಲವು ಮೂಲೆಗಳಲ್ಲಿ ಇಂದಿಗೂ ಇವೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ 1890ರ ದಶಕದಲ್ಲೇ ಪೇಟೆಯ ಹೊರಗೆ ಹೊಸ ಬಡಾವಣೆಗಳನ್ನು ಯೋಚಿಸಿತ್ತು. ಚಾಮರಾಜಪೇಟೆ ಆಗಲೇ ಮೂಡಿತ್ತು. ಪ್ಲೇಗು ಬಂದ ಮೇಲೆ ಆ ಯೋಚನೆ ತುರ್ತಿನ ಕೆಲಸವಾಯಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ: ಎರಡೂ ಒಂದೇ ಹೆದರಿಕೆಯಿಂದ ಹುಟ್ಟಿದ ಅವಳಿಗಳು. ನೇರ ರಸ್ತೆ, ಅಡ್ಡರಸ್ತೆ, ಮನೆಯ ಸುತ್ತ ಬಿಡಲೇಬೇಕಾದ ಖಾಲಿ ಜಾಗ, ಹಿಂದೆ ಕೊಳೆ ಸಾಗಿಸುವ ಸಂದಿ. ಇಂದು ನಾವು ‘ಹಳೆಯ ಬೆಂಗಳೂರಿನ ಸೊಗಸು’ ಎಂದು ಮೆಚ್ಚುವ ಈ ಎಲ್ಲವೂ ಸಾವಿನ ಭಯದಲ್ಲಿ ಎಳೆದ ಗೆರೆಗಳೆಂಬುದನ್ನು ನೆನೆದಾಗಲೆಲ್ಲ ನನಗೆ ಆ ಅಂಗಳಗಳು ಬೇರೆಯಾಗಿಯೇ ಕಾಣುತ್ತವೆ.

ಆ ಗೆರೆಗಳು ರೋಗವನ್ನು ಮಾತ್ರ ದೂರವಿಡಲಿಲ್ಲ. ಈ ಬಡಾವಣೆಗಳಲ್ಲಿ ನಿವೇಶನಗಳನ್ನು ಜಾತಿ ನೋಡಿ ಹಂಚಲಾಯಿತು. ಯಾರು ಯಾರ ಪಕ್ಕ ಇರಬೇಕೆಂಬುದು ನಕ್ಷೆಯಲ್ಲೇ ತೀರ್ಮಾನವಾಗಿತ್ತು. ಗಾಳಿ ಬೆಳಕುಗಳನ್ನು ಅಷ್ಟು ಎಚ್ಚರದಿಂದ ಲೆಕ್ಕ ಹಾಕಿದ ಕೈಗಳೇ ಈ ಲೆಕ್ಕವನ್ನೂ ಹಾಕಿದವು. ಒಳಚರಂಡಿ ಬರುವವರೆಗೂ ದಿನ ಬೆಳಗಾಗುವ ಮೊದಲು ಆ ಹಿಂದಿನ ಸಂದಿಯಲ್ಲಿ ಬಕೆಟ್ಟು, ಸಲಿಕೆ ಹಿಡಿದು ಬರುತ್ತಿದ್ದವರಿಗೆ ಮುಂದಿನ ರಸ್ತೆಯಲ್ಲಿ ಒಂದು ನಿವೇಶನವೂ ಇರಲಿಲ್ಲ. ಬಡಾವಣೆ ಆರೋಗ್ಯವಾಗಿದ್ದುದು ಅವರ ದುಡಿಮೆಯಿಂದ. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದಾಗ, ಇಂಥ ಸಂದಿಗಳಲ್ಲಿ ಎಷ್ಟೋ ತಲೆಮಾರುಗಳು ಕಳೆದುಹೋಗಿದ್ದವು. ಅದರ ವಿರುದ್ಧ ಸಂಸತ್ತಿನಲ್ಲಿ ಕಾನೂನು ಬರಲು 1993 ಆಗಬೇಕಾಯಿತು.

ಇಷ್ಟು ಹೇಳಿಯೂ ನಾನು ಈ ಬಡಾವಣೆಯನ್ನು ಪ್ರೀತಿಸುತ್ತೇನೆ. ಸರ್ಕಾರ ನಿವೇಶನ ಕೊಟ್ಟಿತು, ರಸ್ತೆ ಕೊಟ್ಟಿತು. ಆದರೆ ಇಲ್ಲಿ ನೆಲೆ ನಿಂತವರು ಸುಮ್ಮನೆ ಮನೆ ಕಟ್ಟಿಕೊಂಡು ಬಾಗಿಲು ಹಾಕಿಕೊಳ್ಳಲಿಲ್ಲ. 1905ರಲ್ಲಿ ಬೆಂಗಳೂರು ಗಾಯನ ಸಮಾಜ ಹುಟ್ಟಿತು. 1917ರಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. 1945ರಲ್ಲಿ ಬಿ.ಪಿ. ವಾಡಿಯಾ ಅವರು ವಿಶ್ವ ಸಂಸ್ಕೃತಿ ಸಂಸ್ಥೆಯನ್ನೂ, ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನೂ ಸ್ಥಾಪಿಸಿದರು. ಕೆಲವೇ ಫರ್ಲಾಂಗುಗಳ ಅಂತರದಲ್ಲಿ ಇಷ್ಟೊಂದು ಕಡೆ ಕುಳಿತು ಕೇಳಲು, ಓದಲು, ವಾದಿಸಲು ಜಾಗವಿತ್ತು.

ಇವುಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆ. ಅದರ ಬುಧವಾರದ ಸಂಜೆಯ ಉಪನ್ಯಾಸಕ್ಕೆ ನನ್ನ ತಂದೆ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಟಿಕೆಟ್ಟಿಲ್ಲ, ಆಹ್ವಾನವಿಲ್ಲ, ಯಾರು ಬೇಕಾದರೂ ಬಂದು ಕೂರಬಹುದಿತ್ತು, ಕೊನೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಪ್ರಶ್ನೆ ಕೇಳಬಹುದಿತ್ತು. ನರಸಿಂಹಯ್ಯನವರು ಬಡ ಕುಟುಂಬದಿಂದ ಬಂದು, ಅದೇ ವಿದ್ಯಾಸಂಸ್ಥೆಯಲ್ಲಿ ಓದಿ, ಅಲ್ಲೇ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ವಿದ್ಯಾರ್ಥಿನಿಲಯದ ಒಂದು ಕೋಣೆಯನ್ನೇ ಮನೆ ಮಾಡಿಕೊಂಡವರು. ಹುಟ್ಟು ನೋಡಿ ಜಾಗ ಹಂಚಿದ್ದ ಬಡಾವಣೆಯಲ್ಲಿ ಬಂದವರಿಗೆಲ್ಲ ಕುರ್ಚಿಯಿದ್ದ ಆ ಸಭಾಂಗಣ ಎಷ್ಟು ದೊಡ್ಡ ಸಂಗತಿ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಗಾಂಧಿಬಜಾರಿನ ಹೂವು ಹಣ್ಣುಗಳ ಬಗ್ಗೆ, 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆಯ ಬಗ್ಗೆ ಬರೆದವರು ಬಹಳ ಮಂದಿ; ಅದನ್ನು ಮತ್ತೆ ಬರೆಯುವುದಿಲ್ಲ.

ಕಡಲೆಕಾಯಿ ಪರಿಷೆಯ ಮಾತು ಮಾತ್ರ ಬಿಡಲಾಗದು, ಏಕೆಂದರೆ ಅದು ಬಡಾವಣೆಗಿಂತ ಹಳೆಯದು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಒಂದು ಬಸವ ನುಗ್ಗಿ ಮೇಯುತ್ತಿತ್ತಂತೆ. ರೈತರು ಹೊಂಚು ಹಾಕಿ ಹಿಡಿಯಹೋದಾಗ ಅದು ಗುಡ್ಡದ ಮೇಲೆ ಕಲ್ಲಾಗಿ ಕುಳಿತಿತಂತೆ. ಮೊದಲ ಬೆಳೆಯನ್ನು ಅದಕ್ಕೆ ಒಪ್ಪಿಸುವ ಹರಕೆಯೇ ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯಾಯಿತು ಎಂಬುದು ಐತಿಹ್ಯ. ಬಡಾವಣೆಗೆ ಹೆಸರು ಬಂದದ್ದೂ ಆ ಬಸವನಿಂದಲೇ. ಹೊಲಗಳು ನಿವೇಶನಗಳಾಗಿ, ಊರುಗಳು ಅಡ್ಡರಸ್ತೆಗಳ ನಡುವೆ ಕರಗಿಹೋದ ಮೇಲೂ ರೈತರು ವರ್ಷಕ್ಕೊಮ್ಮೆ ಬರುವುದನ್ನು ಬಿಡಲಿಲ್ಲ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಗೋಣಿತಾಟು ಹಾಸಿ ರಾಶಿ ಸುರಿದು, ಆ ರಾತ್ರಿ ರಾಶಿಯ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಾರೆ. ಹಸಿಕಾಯಿಯ ರಾಶಿಯಿಂದ ಏಳುವ ಮಣ್ಣಿನ ವಾಸನೆ ಪರಿಷೆಯ ದಿನಗಳಲ್ಲಿ ಇಡೀ ರಸ್ತೆಯನ್ನು ತುಂಬಿಕೊಳ್ಳುತ್ತದೆ. ಸೇರಿನಲ್ಲಿ ಅಳೆದು ಸುರಿಯುವಾಗ ಮೇಲೊಂದು ಹಿಡಿ ಕೊಸರು ಹಾಕುವುದನ್ನು ನಾನು ಇನ್ನೂ ನೋಡುತ್ತೇನೆ.

ಕಳೆದ ಪರಿಷೆಯ ಮರುದಿನ ಬೆಳಗಿನ ಜಾವ ನಾನು ಅದೇ ರಸ್ತೆಯಲ್ಲಿ ನಡೆದು ಹೋದೆ. ರಸ್ತೆ ಕಾಣದಷ್ಟು ಸಿಪ್ಪೆ, ಎಲೆ, ಕಾಗದದ ಪೊಟ್ಟಣಗಳು. ಐದಾರು ಮಂದಿ ಪೌರಕಾರ್ಮಿಕ ಹೆಂಗಸರು ಉದ್ದನೆಯ ಪೊರಕೆಗಳಿಂದ ಸಿಪ್ಪೆಯನ್ನು ಗುಡ್ಡೆ ಹಾಕುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು ಒಂದು ಗಳಿಗೆ ನಿಂತು ಬೆನ್ನು ನೇರ ಮಾಡಿಕೊಂಡಾಗ, “ಪರಿಷೆ ನೋಡಿದಿರಾ ಅಮ್ಮ?” ಎಂದು ಕೇಳಿದೆ. “ಎಲ್ಲಿ ನೋಡದು ಸಾರ್, ನಾವ್ ಬರೋದೇ ಮುಗುದ್ಮೇಲೆ” ಎಂದರು. ಅವರ ಅತ್ತೆಯೂ ಇದೇ ಸುತ್ತಿನಲ್ಲಿ ಕೆಲಸ ಮಾಡಿದವರಂತೆ. ಆ ಕಾಲದಲ್ಲಿ ಮನೆಗಳ ಹಿಂದಿನ ಸಂದಿಯಲ್ಲೇ ಬರಬೇಕಿತ್ತಂತೆ. ಅಜ್ಜಿಯ ಮನೆ ಇದ್ದ ಬೀದಿಯ ಹೆಸರು ಹೇಳಿದೆ. ಆ ಬೀದಿ ಅವರಿಗೆ ಗೊತ್ತಿತ್ತು.

ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದ ಕಡಲೆಕಾಯಿಯನ್ನು ಬಿಚ್ಚಿ, ಒಂದು ಹಿಡಿ ನನ್ನ ಕೈಗೆ ಹಾಕಿ, ಅವರು ಮತ್ತೆ ಪೊರಕೆ ಹಿಡಿದರು.