ದೈತ್ಯ ವೆಸಿಕಲ್ ಯೋಜನೆ: ಮೂರು ಲಿಪಿಡ್‌ಗಳ ಮಿಶ್ರಣದ ಹಂತ

ಈವರೆಗಿನ ಸ್ಥಿತಿ: ಬರೀ ಡಿಒಪಿಸಿಯಿಂದ (ಇದೊಂದು ಲಿಪಿಡ್, ಅಂದರೆ ಜೀವಕೋಶದ ಪೊರೆಯಂಥ ಪೊರೆ ಕಟ್ಟುವ ಕೊಬ್ಬಿನ ಅಣು) 10ರಿಂದ 40 ಮೈಕ್ರೋಮೀಟರ್ ವ್ಯಾಸದ ವೆಸಿಕಲ್‌ಗಳು, ಎಂದರೆ ಪೊರೆಯ ದುಂಡನೆಯ ಚೀಲಗಳು, ತಪ್ಪದೆ ಬರುತ್ತಿವೆ. ಅದೇನೂ ಕಷ್ಟವಲ್ಲ. −17 °ಸೆ.ನಲ್ಲೇ ಜೆಲ್ (ಗಟ್ಟಿ) ಸ್ಥಿತಿ ಬಿಟ್ಟು ದ್ರವವಾಗುವ ಲಿಪಿಡ್ ಅದು. ಈಗ ಕೈಗೆತ್ತಿಕೊಂಡಿರುವುದು ಡಿಒಪಿಸಿ, ಡಿಪಿಪಿಸಿ (41 °ಸೆ.ಗಿಂತ ಕೆಳಗೆ ಜೆಲ್ ಆಗಿಯೇ ಇರುವ ಲಿಪಿಡ್), ಕೊಲೆಸ್ಟರಾಲ್ ಮಿಶ್ರಣ. ಮೋಲ್ ಲೆಕ್ಕದಲ್ಲಿ 35:35:30. ಇದರಲ್ಲಿ ಪೊರೆ ಎರಡು ದ್ರವ ಪ್ರಾವಸ್ಥೆಗಳಾಗಿ (ಒಂದರೊಡನೊಂದು ಬೆರೆಯದ ಭಾಗಗಳಾಗಿ) ಬೇರ್ಪಟ್ಟು, ಸೂಕ್ಷ್ಮದರ್ಶಕದಲ್ಲಿ ದುಂಡನೆಯ ಕಲೆಗಳು ಕಾಣಬೇಕು.

ಮಿಶ್ರಣದ ಲೆಕ್ಕ. ಒಟ್ಟು 1 ಮಿ.ಗ್ರಾಂ ಲಿಪಿಡ್‌ಗೆ, ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದ 10 ಮಿ.ಗ್ರಾಂ/ಮಿ.ಲೀ ದ್ರಾವಣಗಳಿಂದ ಡಿಒಪಿಸಿ 42.5, ಡಿಪಿಪಿಸಿ 39.6, ಕೊಲೆಸ್ಟರಾಲ್ 17.9 ಮೈಕ್ರೋಲೀಟರ್. ಟೆಕ್ಸಾಸ್ ರೆಡ್ (ಬೆಳಕು ಬಿದ್ದರೆ ಕೆಂಪಗೆ ಹೊಳೆಯುವ ಡೈ) ಅಂಟಿಸಿದ ಲಿಪಿಡ್ 0.2 ಮೋಲ್ ಶೇಕಡಾ ಸಾಕು, 0.1 ಮಿ.ಗ್ರಾಂ/ಮಿ.ಲೀ ದ್ರಾವಣದಿಂದ 43 ಮೈಕ್ರೋಲೀಟರ್. ಉಳಿದದ್ದು ಕ್ಲೋರೋಫಾರ್ಮ್, ಒಟ್ಟು 1 ಮಿ.ಲೀ. ಅಳೆಯುವುದು ಗಾಜಿನ ಸಿರಿಂಜಿನಲ್ಲೇ. ಪ್ಲಾಸ್ಟಿಕ್ ತುದಿಯಾದರೆ ಅದರಲ್ಲಿರುವ ಪದಾರ್ಥಗಳನ್ನು ಕ್ಲೋರೋಫಾರ್ಮ್ ಎಳೆದುಕೊಂಡು ಪೊರೆಯೊಳಕ್ಕೆ ಸೇರಿಸುತ್ತದೆ. ಇದೆಲ್ಲ ಫ್ಯೂಮ್ ಹುಡ್‌ನೊಳಗಿನ ಕೆಲಸ. ನೈಟ್ರೈಲ್ ಕೈಗವಸು ಕ್ಲೋರೋಫಾರ್ಮನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ, ಮೇಲೆ ಬಿದ್ದ ಕೂಡಲೇ ಬದಲಿಸಬೇಕು.

ಪದರ ಹರಡುವಾಗ ಬದಲಾಯಿಸಿದ್ದು. ಐಟಿಒ ಗಾಜಿನ (ಒಂದು ಬದಿಗೆ ವಿದ್ಯುತ್ ಹರಿಸುವ ಪಾರದರ್ಶಕ ಲೇಪವಿರುವ ಗಾಜಿನ) ವಾಹಕ ಮುಖವನ್ನು ಮಲ್ಟಿಮೀಟರ್‌ನಿಂದ ಗುರುತಿಸಿ, 60 °ಸೆ. ಹಾಟ್ ಪ್ಲೇಟ್ ಮೇಲಿಟ್ಟು, 10 ಮೈಕ್ರೋಲೀಟರನ್ನು ಸುಮಾರು 4 ಚದರ ಸೆಂ.ಮೀ.ಗೆ ಹರಡಲಾಗುತ್ತಿದೆ. ಲೆಕ್ಕ ಹಾಕಿದರೆ ಇದು ಐದಾರು ದ್ವಿಪದರಗಳಷ್ಟು (ಎರಡು ಸಾಲು ಲಿಪಿಡ್ ಸೇರಿದ ಪೊರೆ ಒಂದು ದ್ವಿಪದರ) ದಪ್ಪ. ಇನ್ನೂ ದಪ್ಪವಾದರೆ ಒಂದರೊಳಗೊಂದು ಸೇರಿಕೊಂಡ ಬಹುಪದರದ ಚೀಲಗಳೇ ಹೆಚ್ಚು. ಗಾಜು ತಣ್ಣಗಿದ್ದರೆ ಕ್ಲೋರೋಫಾರ್ಮ್ ಆರುತ್ತಿದ್ದಂತೆ ಡಿಪಿಪಿಸಿ ಬೇರೆಯಾಗಿ ಗಟ್ಟಿಯಾಗುತ್ತದೆ, ಕೊಲೆಸ್ಟರಾಲ್ ಕೂಡ ಹರಳುಗಟ್ಟಬಹುದು. ಆಮೇಲೆ ನೀರು ಹಾಕಿದಾಗ ಒಂದೊಂದು ವೆಸಿಕಲ್‌ನ ಸಂಯೋಜನೆ ಒಂದೊಂದು ಥರ: ಒಂದರಲ್ಲಿ ಕಲೆ, ಪಕ್ಕದ್ದರಲ್ಲಿ ಏನೂ ಇಲ್ಲ. ವಿದ್ಯುತ್ ಹಾಯಿಸುವ ಮುಂಚೆಯೇ ಅರ್ಧ ಫಲಿತಾಂಶ ಇಲ್ಲಿ ನಿರ್ಧಾರವಾಗಿಬಿಡುತ್ತದೆ. ವಿದ್ಯುತ್ ಅಲೆ ಕೊಡುವ ಫಂಕ್ಷನ್ ಜನರೇಟರ್‌ನ ಗುಂಡಿಗಳನ್ನು ತಿರುಗಿಸಿ ಪ್ರಯೋಜನವಿಲ್ಲ. ಬಳಿಕ ಕತ್ತಲಲ್ಲಿ ಎರಡು ಗಂಟೆ ನಿರ್ವಾತ.

ಊದಿಸುವುದು. ಎರಡು ಗಾಜುಗಳ ನಡುವೆ 2 ಮಿ.ಮೀ ಸಿಲಿಕೋನ್ ಚೌಕಟ್ಟು, ಒಳಗೆ ಮೊದಲೇ 60 °ಸೆ.ಗೆ ಕಾಯಿಸಿದ 200 ಮಿಲಿಮೋಲಾರ್ ಸುಕ್ರೋಸ್ (50 ಮಿ.ಲೀ.ಗೆ 3.42 ಗ್ರಾಂ). ಪದರವನ್ನು ವೆಸಿಕಲ್‌ಗಳಾಗಿ ಊದಿಸಲು ಗಾಜುಗಳಿಗೆ 10 ಹರ್ಟ್ಸ್ ಸೈನ್ ಅಲೆಯ ವಿದ್ಯುತ್; 0.2 ವೋಲ್ಟ್‌ನಿಂದ 1.2 ವೋಲ್ಟ್‌ಗೆ (ಪೀಕ್-ಟು-ಪೀಕ್) ಅರ್ಧ ಗಂಟೆಯಲ್ಲಿ ಏರಿಸಿ, ಅಲ್ಲೇ ಒಂದೂವರೆ ಗಂಟೆ. ಕೊನೆಗೆ 2 ಹರ್ಟ್ಸ್‌ನಲ್ಲಿ ಅರ್ಧ ಗಂಟೆ ಬಿಟ್ಟರೆ ವೆಸಿಕಲ್‌ಗಳು ಗಾಜಿನಿಂದ ಕಳಚಿಕೊಳ್ಳುತ್ತವೆ. ಇಡೀ ಹೊತ್ತು ತಾಪ ಡಿಪಿಪಿಸಿಯ 41 °ಸೆ.ಗಿಂತ ಮೇಲಿರಬೇಕು. ಒಳಗೆ ಗಾಳಿಗುಳ್ಳೆ ಉಳಿದ ಕಡೆ ಪದರಕ್ಕೆ ನೀರೇ ತಗಲುವುದಿಲ್ಲ. ತಣಿಸುವುದು ನಿಧಾನವಾಗಿ, ಹೀಟರ್ ಆರಿಸಿ ಅಲ್ಲೇ ಬಿಟ್ಟು.

ನೋಡುವಾಗ 20 ಮೈಕ್ರೋಲೀಟರನ್ನು 200 ಮಿಲಿಮೋಲಾರ್ ಗ್ಲುಕೋಸ್‌ನ 200 ಮೈಕ್ರೋಲೀಟರ್‌ಗೆ ಬಿಟ್ಟರೆ, ಒಳಗಿನ ಸುಕ್ರೋಸ್ ಭಾರಕ್ಕೆ ವೆಸಿಕಲ್‌ಗಳು ತಳಕ್ಕಿಳಿಯುತ್ತವೆ. ಗ್ಲುಕೋಸ್ ಡಬ್ಬಿಯ ಚೀಟಿ ಓದುವುದು ಮುಖ್ಯ: ನಿರ್ಜಲವಾದರೆ 50 ಮಿ.ಲೀ.ಗೆ 1.80 ಗ್ರಾಂ, ಮಾನೋಹೈಡ್ರೇಟ್ ಆದರೆ 1.98. ಮಾನೋಹೈಡ್ರೇಟನ್ನೇ 1.80 ತೂಗಿದರೆ ಹೊರಗಿನ ದ್ರಾವಣ 182 ಮಿಲಿಮೋಲಾರ್‌ಗೆ ಇಳಿದು, ನೀರು ಒಳನುಗ್ಗಿ ಚೀಲಗಳು ಬಿಗಿದು ಒಡೆಯುತ್ತವೆ.

ಕಂಡದ್ದು. ಟೆಕ್ಸಾಸ್ ರೆಡ್ ಡಿಒಪಿಸಿ ಹೆಚ್ಚಿರುವ ಸಡಿಲ ಭಾಗವನ್ನೇ ಮೆಚ್ಚುವುದರಿಂದ ಅದು ಹೊಳೆಯುತ್ತದೆ. ಡಿಪಿಪಿಸಿ, ಕೊಲೆಸ್ಟರಾಲ್ ಕೂಡಿದ ಭಾಗ ಕಪ್ಪು. ಅಂಚು ನುಣುಪಾಗಿದ್ದು, ಎರಡು ಕಲೆಗಳು ಡಿಕ್ಕಿಯಾದಾಗ ಒಂದಾಗಿ ಮತ್ತೆ ದುಂಡಗಾದರೆ ಎರಡೂ ದ್ರವ ಎಂದರ್ಥ. ಮೊನಚು ಅಂಚಿನ, ಒಂದಾಗದ ಕಲೆ ಕಂಡರೆ ಅದು ಜೆಲ್. ಕೊಲೆಸ್ಟರಾಲ್ ಪಾಲು ಕಡಿಮೆ ಬಿದ್ದಿದೆ ಎಂದು ಅನುಮಾನಿಸಬೇಕು. ಈ ಮಿಶ್ರಣದ ಬೆರೆಯುವ ತಾಪ (ಎರಡು ಭಾಗಗಳೂ ಸೇರಿ ಒಂದಾಗುವ ತಾಪ) 30 °ಸೆ. ಆಸುಪಾಸು, ಹಾಗಾಗಿ ಸ್ಟೇಜ್ ಸ್ವಲ್ಪ ಬೆಚ್ಚಗಾದರೂ ಕಲೆಗಳು ಮಾಯ. ತಾಪವನ್ನು ಬರೆದಿಡದ ಚಿತ್ರಕ್ಕೆ ಬೆಲೆಯಿಲ್ಲ.

ಇನ್ನೂ ಪೂರ್ತಿ ಹಿಡಿತಕ್ಕೆ ಬಾರದ ತೊಂದರೆ ದೀಪದ್ದು. ಬೆಳಕು ಬಿದ್ದ ಡೈ ಆಮ್ಲಜನಕವನ್ನು ಕೆರಳಿಸಿ, ಡಿಒಪಿಸಿಯ ಜೋಡಿಬಂಧಗಳಲ್ಲಿ ಪೆರಾಕ್ಸೈಡ್ ಹುಟ್ಟಿಸುತ್ತದೆ. ಏಕರೂಪವಾಗಿದ್ದ ವೆಸಿಕಲ್‌ನಲ್ಲಿ ನೋಡನೋಡುತ್ತಲೇ ಕಲೆ ಮೂಡಿದರೆ ಅದು ಮಿಶ್ರಣದ ಗುಣವಲ್ಲ, ದೀಪದ ಕೆಲಸ. ಪರೀಕ್ಷೆ ಸರಳ: ಬೆಳಕು ಬೀಳದ ಪಕ್ಕದ ಜಾಗಕ್ಕೆ ಸರಿಸಿ, ಮೊದಲ ಕ್ಷಣದಲ್ಲೇ ಚಿತ್ರ ತೆಗೆದು ಹೋಲಿಸುವುದು. ಸದ್ಯಕ್ಕೆ ಬೆಳಕು ತಗ್ಗಿಸುವ ಫಿಲ್ಟರ್ ಹಾಕಿ, ಚಿತ್ರ ತೆಗೆಯುವಾಗ ಮಾತ್ರ ಷಟರ್ ತೆರೆಯಲಾಗುತ್ತಿದೆ. ಲಿಪಿಡ್ ದ್ರಾವಣಗಳನ್ನು ಆರ್ಗಾನ್ ತುಂಬಿ −20 °ಸೆ.ನಲ್ಲಿಡುವುದೂ ಇದೇ ಕಾರಣಕ್ಕೆ.

ಮುಂದಿನದು ಉಪ್ಪು. 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್‌ನಲ್ಲಿ 10 ಹರ್ಟ್ಸ್ ನಡೆಯುವುದಿಲ್ಲ. 500 ಹರ್ಟ್ಸ್ ಮತ್ತು ಹೆಚ್ಚಿನ ವೋಲ್ಟೇಜ್ ಬೇಕು. ವಿದ್ಯುತ್ತೇ ಬೇಡವೆಂದರೆ ಶೇ. 5ರ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್ ಎಂಬ, ನೀರಿನಲ್ಲಿ ಕರಗುವ ಪಾಲಿಮರ್) ದ್ರಾವಣವನ್ನು ಗಾಜಿನ ಮೇಲೆ 50 °ಸೆ.ನಲ್ಲಿ ಒಣಗಿಸಿ, ಅದರ ಮೇಲೆ ಲಿಪಿಡ್ ಹರಡಿ ಊದಿಸಬಹುದು. ಆದರೆ ನಮ್ಮ ಮಿಶ್ರಣಕ್ಕೆ 41 °ಸೆ.ಗಿಂತ ಮೇಲಿನ ಬಿಸಿ ಬೇಕು, ಬಿಸಿ ಹೆಚ್ಚಿದಷ್ಟೂ ಪಿವಿಎ ಕರಗಿ ದ್ರಾವಣಕ್ಕೆ ಸೇರುವ ಅಪಾಯ. ಮೊದಲು 45 °ಸೆ.ನಲ್ಲಿ ನೋಡುವ ಯೋಚನೆ.