ಮನೆಯಿಂದ ಮಾತ್ರ ತೆರೆಯದ ಸರ್ವರ್

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕರಾವಳಿಯಲ್ಲಿ, ವೇಷವಿಲ್ಲದೆ ಹಾಡು-ಮಾತುಗಳಲ್ಲೇ ನಡೆಯುವ ತಾಳಮದ್ದಳೆಯ ಕಾಲ. ಉಡುಪಿಯ ನಮ್ಮ ಸಣ್ಣ ಬಳಗವು ಮಳೆಗಾಲದುದ್ದಕ್ಕೂ ನಡೆಸುವ ಕೂಟಗಳ ಧ್ವನಿಮುದ್ರಣಗಳನ್ನು ಕೂಡಿಡುವ ಹೊಣೆಯನ್ನು ಕೆಲವು ವರ್ಷಗಳಿಂದ ನಾನು ಹೊತ್ತಿದ್ದೇನೆ. ಇವೆಲ್ಲ ಇರುವುದು ಬಾಡಿಗೆಗೆ ಪಡೆದ ಒಂದು ವಿಪಿಎಸ್‌ನಲ್ಲಿ, ಅಂದರೆ ದೊಡ್ಡದೊಂದು ಯಂತ್ರವನ್ನು ಕೆವಿಎಂ ತಂತ್ರಾಂಶದಿಂದ ಹಲವು ವರ್ಚುವಲ್ ಸರ್ವರ್‌ಗಳಾಗಿ ವಿಂಗಡಿಸಿ ಬೇರೆ ಬೇರೆ ಗ್ರಾಹಕರಿಗೆ ಕೊಟ್ಟಿರುವುದರಲ್ಲಿ ನಮಗೆ ಸೇರಿದ ಒಂದು ಪಾಲಿನಲ್ಲಿ. ಪಾಲು ಚಿಕ್ಕದಾದರೂ ಅದರೊಳಗಿರುವ ಅರ್ಥಗಾರಿಕೆಯಲ್ಲಿ ಕೆಲವು ಇನ್ನೊಮ್ಮೆ ಕೇಳಸಿಗದಂಥವು. ಆದ್ದರಿಂದ ಈ ಜುಲೈನ ಒಂದು ಭಾನುವಾರ ರಾತ್ರಿ ಅದರ ಬಾಗಿಲು ತೆರೆಯದೇ ಹೋದಾಗ ನನಗೆ ನಿದ್ದೆ ಬರಲಿಲ್ಲ.

ಕುಂಜಿಬೆಟ್ಟಿನ ಮನೆಯಲ್ಲಿ ಕುಳಿತು, ದೂರದ ಸರ್ವರಿಗೆ ಆಜ್ಞೆ ಕೊಡಲು ಬಳಸುವ ಎಸ್‌ಎಸ್‌ಎಚ್ ಮೂಲಕ ಒಳಹೋಗಲು ಯತ್ನಿಸಿದಾಗ ತೆರೆಯ ಮೇಲೆ ಬಂದದ್ದು 'ಕನೆಕ್ಷನ್ ರೆಫ್ಯೂಸ್ಡ್' ಎಂಬ ಒಂದೇ ಸಾಲು. ಸ್ವಲ್ಪ ಹೊತ್ತಿನ ನಂತರ ಅದೇ ಆಜ್ಞೆ ಸಲೀಸಾಗಿ ಒಳಗೆ ಬಿಟ್ಟಿತು. ನಾಲ್ಕಾರು ನಿಮಿಷ ಕೆಲಸ ಮಾಡುವಷ್ಟರಲ್ಲಿ ಸೆಷನ್ ಸ್ತಬ್ಧವಾಗಿ, ಯಾವ ಕೀಲಿ ಒತ್ತಿದರೂ ಪ್ರತಿಕ್ರಿಯೆ ಇಲ್ಲವಾಯಿತು. ಮತ್ತೆ ಯತ್ನಿಸಿದರೆ ಪುನಃ ಅದೇ ನಿರಾಕರಣೆ. ಹೊರಗೆ ಜಡಿಮಳೆ ಸುರಿಯುತ್ತಿದ್ದುದರಿಂದ ಮೊದಲು ನಾನು ಶಂಕಿಸಿದ್ದು ಫೈಬರ್ ಲೈನನ್ನು. ಅನಂತರ ಅನುಮಾನ ತಿರುಗಿದ್ದು ಅದೇ ಯಂತ್ರವನ್ನು ಹಂಚಿಕೊಂಡಿರುವ ಕಾಣದ ನೆರೆಯವರ ಕಡೆಗೆ. ನೆರೆಯವರಲ್ಲಿ ಒಬ್ಬರು ಪ್ರೊಸೆಸರನ್ನು ಅತಿಯಾಗಿ ಬಳಸಿದರೆ ಉಳಿದವರ ಸರ್ವರ್‌ಗಳು ಕುಂಟುವುದುಂಟು. ಅದನ್ನು ತಿಳಿಯಲು ಒಳಗಿನಿಂದ 'ಟಾಪ್' ಆಜ್ಞೆ ಕೊಟ್ಟು 'ಎಸ್‌ಟಿ' ಎಂಬ ಅಂಕಣವನ್ನು ನೋಡಬೇಕು. ನಮ್ಮ ಸರದಿಯ ಪ್ರೊಸೆಸರ್ ಸಮಯ ಎಷ್ಟು ಬೇರೆಯವರ ಪಾಲಾಯಿತು ಎಂಬುದನ್ನು ಅದು ಹೇಳುತ್ತದೆ. ಒಳಗೆ ಬಿಟ್ಟ ಕೆಲವೇ ನಿಮಿಷಗಳಲ್ಲಿ ನೋಡಿದಾಗ ಅದು ಸೊನ್ನೆಯ ಹತ್ತಿರವೇ ಇತ್ತು. ಡಿಸ್ಕ್ ತುಂಬಿರಲಿಲ್ಲ, ಮೆಮೊರಿ ಸಾಕಷ್ಟಿತ್ತು. ಅದಕ್ಕಿಂತ ಮುಖ್ಯವಾಗಿ, ಎಸ್‌ಎಸ್‌ಎಚ್ ಬಾಗಿಲು ಮುಚ್ಚಿದ್ದ ಹೊತ್ತಿನಲ್ಲೂ ನಮ್ಮ ಜಾಲತಾಣ ಚೆನ್ನಾಗಿಯೇ ತೆರೆಯುತ್ತಿತ್ತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ಮಾತೊಂದಿದೆ. ಸರ್ವರ್ ತೆರೆಯದಿದ್ದಾಗ 'ಸರ್ವರ್ ಡೌನ್' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ರೂಢಿ. ಆದರೆ ಎಸ್‌ಎಸ್‌ಎಚ್ ಕೊಡುವ ಉತ್ತರಗಳು ಒಂದಕ್ಕಿಂತ ಒಂದು ಭಿನ್ನವಾಗಿದ್ದು, ನಮ್ಮ ಕರೆ ಎಲ್ಲಿಯವರೆಗೆ ತಲುಪಿತೆಂಬುದನ್ನು ಅವುಗಳಿಂದಲೇ ತಿಳಿಯಬಹುದು. 'ಟೈಮ್ಡ್ ಔಟ್' ಎಂದು ಬಂದರೆ ಕಳಿಸಿದ್ದಕ್ಕೆ ಯಾವ ಮಾರುತ್ತರವೂ ಬಂದಿಲ್ಲವೆಂದರ್ಥ: ಒಂದೋ ಯಂತ್ರ ನಿಂತಿದೆ, ಇಲ್ಲವೇ ದಾರಿ ಕಡಿದಿದೆ, ಅಥವಾ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಸದ್ದಿಲ್ಲದೆ ಅದನ್ನು ಬಿಸುಟಿದೆ. 'ಪರ್ಮಿಷನ್ ಡಿನೈಡ್' ಎಂದಾದರೆ ಜಾಲದ ದಾರಿ ಪೂರ್ತಿ ಸರಿಯಿದ್ದು, ಕೀ (ಪಾಸ್‌ವರ್ಡಿನ ಬದಲು ಗುರುತಿಗೆ ಬಳಸುವ ಗುಪ್ತ ಕಡತ) ಅಥವಾ ಪಾಸ್‌ವರ್ಡ್ ಮಾತ್ರ ಹೊಂದುತ್ತಿಲ್ಲ. 'ರೆಫ್ಯೂಸ್ಡ್' ಎಂಬುದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ, ಯಂತ್ರ ಜೀವಂತವಾಗಿದೆ, ಆದರೆ ಎಸ್‌ಎಸ್‌ಎಚ್‌ಗೆಂದಿರುವ 22ನೇ ಪೋರ್ಟಿನಲ್ಲಿ (ಸರ್ವರಿನ ಒಂದೊಂದು ಸೇವೆಗೂ ಇರುವ ಸಂಖ್ಯೆಯ ಬಾಗಿಲು) ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದು. ನಾನೂ ಹಾಗೆಯೇ ತಿಳಿದು, ಎಸ್‌ಎಸ್‌ಎಚ್ ಸೇವೆ ತಾನಾಗಿ ನಿಂತು ಮತ್ತೆ ಏಳುತ್ತಿದೆ ಎಂಬ ನಿರ್ಣಯಕ್ಕೆ ಬಂದಿದ್ದೆ. ಒಳಗೆ ಹೋದಾಗ ಪರಿಶೀಲಿಸಿದರೆ ಆ ಸೇವೆ ವಾರಗಳಿಂದ ಒಮ್ಮೆಯೂ ನಿಲ್ಲದೆ ನಡೆಯುತ್ತಿತ್ತು.

ಮರುದಿನ ಮಣಿಪಾಲದಲ್ಲಿ ಓದುತ್ತಿರುವ ಅಣ್ಣನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಚಿಕ್ಕಪ್ಪ, ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಒಮ್ಮೆ ನೋಡಿ. ಮತ್ತೆ ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತ ಬರೆದಿಡಿ" ಎಂದ. ಮೊಬೈಲ್ ಡೇಟಾದಲ್ಲಿ ಬಾಗಿಲು ಕೂಡಲೇ ತೆರೆಯಿತು, ಆ ಕ್ಷಣದಲ್ಲಿ ಮನೆಯ ಸಂಪರ್ಕದಿಂದ ಮುಚ್ಚಿಯೇ ಇತ್ತು. ಗಡಿಯಾರ ನೋಡಿ ಬರೆದಿಟ್ಟಾಗ ಐದು ನಿಮಿಷ ತೆರೆದು ಹತ್ತು ನಿಮಿಷ ಮುಚ್ಚುವ ಒಂದು ಲೆಕ್ಕ ಕಂಡಿತು. ಮಳೆಗೆ ಕೆಟ್ಟ ಲೈನು ಇಷ್ಟು ಕರಾರುವಾಕ್ಕಾಗಿ ಹೊತ್ತು ಪಾಲಿಸುವುದಿಲ್ಲ.

ಹತ್ತು ನಿಮಿಷ ಎಂದೊಡನೆ ನೆನಪಾದದ್ದು ಫೇಲ್‌ಟುಬ್ಯಾನ್. ತಪ್ಪು ಪಾಸ್‌ವರ್ಡಿನಿಂದ ಮತ್ತೆ ಮತ್ತೆ ಒಳನುಗ್ಗಲು ನೋಡುವ ವಿಳಾಸಗಳನ್ನು ಲಾಗಿನಲ್ಲಿ, ಅಂದರೆ ಸರ್ವರಿನ ದಿನಚರಿ ಕಡತದಲ್ಲಿ, ಗುರುತಿಸಿ ತಡೆಹಿಡಿಯುವ ಈ ತಂತ್ರಾಂಶವನ್ನು ನಾನೇ ಸ್ಥಾಪಿಸಿದ್ದೆ. ಮೂಲ ಹೊಂದಾಣಿಕೆಯಲ್ಲಿ ಹತ್ತು ನಿಮಿಷದೊಳಗೆ 5 ಬಾರಿ ತಪ್ಪಿದವರಿಗೆ 10 ನಿಮಿಷದ ತಡೆ ಬೀಳುತ್ತದೆ. ನನ್ನನ್ನು ದಾರಿತಪ್ಪಿಸಿದ ಸಂಗತಿಯೂ ಇಲ್ಲೇ ಇತ್ತು: ಅದು ತಡೆದ ವಿಳಾಸದಿಂದ ಬಂದ ಪ್ಯಾಕೆಟ್‌ಗಳನ್ನು (ಮಾಹಿತಿಯ ತುಣುಕುಗಳನ್ನು) ಸುಮ್ಮನೆ ಬಿಸುಡದೆ, ಆ ಪೋರ್ಟ್ ತಲುಪಲಾಗದು ಎಂಬ ಉತ್ತರವನ್ನು ಕಳಿಸುತ್ತದೆ. ಆದ್ದರಿಂದ ನಮ್ಮ ಕಡೆ ಕಾಣುವುದು 'ಟೈಮ್ಡ್ ಔಟ್' ಅಲ್ಲ, 'ರೆಫ್ಯೂಸ್ಡ್'. ಸೇವೆ ನಿಂತಾಗಲೂ ಇದೇ ಸಾಲು ಬರುವುದರಿಂದ ಎರಡನ್ನೂ ಬೇರ್ಪಡಿಸಲು ಇನ್ನೊಂದು ಜಾಲದಿಂದ ಪರೀಕ್ಷಿಸುವುದೇ ನೇರವಾದ ಉಪಾಯ. ತಡೆ ಎಸ್‌ಎಸ್‌ಎಚ್ ಪೋರ್ಟಿಗೆ ಮಾತ್ರ ಅನ್ವಯಿಸುವುದರಿಂದಲೇ ಜಾಲತಾಣಕ್ಕೆ ಏನೂ ಆಗಿರಲಿಲ್ಲ.

ಮೊಬೈಲ್ ಡೇಟಾದಿಂದ ಒಳಹೋಗಿ ತಡೆಪಟ್ಟಿ ನೋಡಿದಾಗ ನಮ್ಮ ಮನೆಯ ಸಾರ್ವಜನಿಕ ವಿಳಾಸ ಅದರಲ್ಲಿತ್ತು. ತಪ್ಪು ಮಾಡುತ್ತಿದ್ದವರು ಯಾರು ಎಂಬುದು ಮುಂದಿನ ಪ್ರಶ್ನೆ. ನಮ್ಮ ರೂಟರಿನ ಹೊರಗಿನ ವಿಳಾಸ 100.64.0.0ರಿಂದ 100.127.255.255ರವರೆಗಿನ ವ್ಯಾಪ್ತಿಗೆ ಸೇರಿದೆ. 2012ರಲ್ಲಿ ಆರ್‌ಎಫ್‌ಸಿ 6598 ಎಂಬ ಇಂಟರ್ನೆಟ್ ನಿಯಮಾವಳಿ ದಾಖಲೆಯ ಮೂಲಕ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದು ಮೀಸಲಿಟ್ಟ ವ್ಯಾಪ್ತಿಯದು. ಹಾಗಿರುವಾಗ ನಮ್ಮಂಥ ಅನೇಕ ಮನೆಗಳು ಹೊರಜಗತ್ತಿಗೆ ಒಂದೇ ಸಾರ್ವಜನಿಕ ವಿಳಾಸವಾಗಿ ಕಾಣುತ್ತವೆ, ಎಲ್ಲಿಯೋ ಒಂದು ಮನೆಯ ಸೋಂಕು ತಗಲಿದ ಕಂಪ್ಯೂಟರ್ ಮಾಡಿದ ತಪ್ಪಿಗೆ ನನ್ನ ಬಾಗಿಲು ಮುಚ್ಚಬಹುದು. ಅದೇ ಆಗಿರಬೇಕೆಂದು ಲಾಗ್ ತೆರೆದೆ. ಆದರೆ ಹೊರಗಿನ ದಾಳಿಗಳು ರೂಟ್, ಅಡ್ಮಿನ್ ಮುಂತಾದ ಹೆಸರುಗಳನ್ನು ಹಿಡಿದು ಬರುವಂಥವು. ಇಲ್ಲಿ ನಿಮಿಷಕ್ಕೊಮ್ಮೆ ಸೋಲುತ್ತಿದ್ದ ಹೆಸರು ನಾನೇ ಧ್ವನಿಮುದ್ರಣಕ್ಕೆಂದು ಕೊಟ್ಟಿದ್ದ, ಹೊರಗಿನವರಾರೂ ಊಹಿಸಲಾರದ ಖಾತೆಯದು.

ಆಗ ಎಲ್ಲವೂ ಹೊಂದಿಕೆಯಾಯಿತು. ಕೂಟಗಳಲ್ಲಿ ಧ್ವನಿಮುದ್ರಣಕ್ಕೆ ಬಳಸುವ ಹಳೆಯ ಫೋನೊಂದು ಪಡಸಾಲೆಯ ಕಪಾಟಿನ ಮೇಲೆ ಚಾರ್ಜಿಗೆ ಇತ್ತು. ಅದರಲ್ಲಿರುವ ಆ್ಯಪ್ ಮನೆಯ ವೈಫೈ ಸಿಕ್ಕಿದೊಡನೆ ಹೊಸ ಕಡತಗಳನ್ನು ಸರ್ವರಿಗೆ ಕಳಿಸುತ್ತದೆ. ಹಿಂದಿನ ವಾರ ನಾನು ಆ ಖಾತೆಯ ಪಾಸ್‌ವರ್ಡ್ ಬದಲಿಸಿದ್ದೆ, ಫೋನಿನಲ್ಲಿ ಹಳೆಯದೇ ಉಳಿದಿತ್ತು. ಭಾನುವಾರದ ಕೂಟದ ಕಡತವನ್ನು ತಲುಪಿಸಲೆಂದು ಅದು ನಿಮಿಷಕ್ಕೊಮ್ಮೆ ಯತ್ನಿಸಿ, ಐದನೆಯ ಸೋಲಿಗೆ ಇಡೀ ಮನೆಯ ಸಂಪರ್ಕಕ್ಕೆ ತಡೆ ಬೀಳುತ್ತಿತ್ತು. ತಡೆ ತೆರವಾದೊಡನೆ ಮತ್ತೆ ಐದು ಯತ್ನ.

ಮನೆಯ ವಿಳಾಸವನ್ನು ಫೇಲ್‌ಟುಬ್ಯಾನ್‌ನ ವಿನಾಯಿತಿ ಪಟ್ಟಿಗೆ ಸೇರಿಸಿಬಿಡಬಹುದಿತ್ತು. ಆದರೆ ಅನೇಕರು ಹಂಚಿಕೊಂಡಿರುವ, ಎಂದಾದರೂ ಬದಲಾಗುವ ವಿಳಾಸಕ್ಕೆ ವಿನಾಯಿತಿ ಕೊಡುವುದು ಸರಿಯೆಂದು ನನಗೆ ತೋರಲಿಲ್ಲ. ಅದರ ಬದಲು ಫೋನಿನ ಆ್ಯಪಿಗೆ ಪ್ರತ್ಯೇಕ ಕೀ ಮಾಡಿಕೊಟ್ಟು, ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಪ್ರವೇಶವನ್ನೇ ನಿಲ್ಲಿಸಿದೆ. ಸರ್ವರಿನಲ್ಲಿ ಉಬುಂಟು ಕಾರ್ಯಾಚರಣಾ ವ್ಯವಸ್ಥೆ ಬಳಸುವವರು ಇಲ್ಲೊಂದು ಎಚ್ಚರ ವಹಿಸಬೇಕು. ಮುಖ್ಯ ಕಡತದಲ್ಲಿ ಪಾಸ್‌ವರ್ಡ್ ಬೇಡವೆಂದು ಬರೆದರೂ, ಹೊಸ ಸರ್ವರನ್ನು ಮೊದಲ ಬಾರಿ ಸಜ್ಜುಗೊಳಿಸುವ ಕ್ಲೌಡ್-ಇನಿಟ್ ತಂತ್ರಾಂಶ ಪಕ್ಕದ ಫೋಲ್ಡರಿನಲ್ಲಿ ಇಟ್ಟಿರುವ ಸಣ್ಣ ಕಡತದಲ್ಲಿ ಬೇಕೆಂದಿದ್ದರೆ ನಡೆಯುವುದು ಅದರ ಮಾತೇ. ಮೊದಲು ಓದಿದ್ದನ್ನೇ ಎಸ್‌ಎಸ್‌ಎಚ್ ಉಳಿಸಿಕೊಳ್ಳುತ್ತದೆ, ಆ ಕಡತವನ್ನು ಅದು ಮೊದಲೇ ಓದುತ್ತದೆ. ಬದಲಾವಣೆ ಜಾರಿಗೆ ಬಂದಿದೆಯೇ ಎಂಬುದನ್ನು 'ಎಸ್‌ಎಸ್‌ಎಚ್‌ಡಿ' ಆಜ್ಞೆಗೆ ದೊಡ್ಡಕ್ಷರದ 'ಟಿ' ಆಯ್ಕೆ ಕೊಟ್ಟು ನೋಡಬಹುದು. ಇಂಥ ಬದಲಾವಣೆ ಮಾಡುವಾಗ ಈಗಾಗಲೇ ತೆರೆದಿರುವ ಸೆಷನನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಹೊಸದಾಗಿ ಒಳಬರಲು ಸಾಧ್ಯವೆಂದು ಖಚಿತವಾದ ಮೇಲೆಯೇ ಮೊದಲಿನದನ್ನು ಬಿಡುತ್ತೇನೆ.

ನನ್ನ ಬಳಿ ಮೊಬೈಲ್ ಡೇಟಾ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಆಮೇಲೆ ಕಾಡಿತು. ವಿಪಿಎಸ್ ಕೊಡುವವರ ನಿಯಂತ್ರಣ ಫಲಕದಲ್ಲಿ ಸಾಮಾನ್ಯವಾಗಿ ಕನ್ಸೋಲ್ ಎಂಬುದೊಂದು ಇರುತ್ತದೆ. ಸರ್ವರಿನೊಳಗಿನ ಎಸ್‌ಎಸ್‌ಎಚ್, ಫೈರ್‌ವಾಲ್ ಯಾವುದನ್ನೂ ಅವಲಂಬಿಸದೆ, ಯಂತ್ರಕ್ಕೆ ನೇರವಾಗಿ ಕೀಲಿಮಣೆ ಜೋಡಿಸಿದಂತೆ ಕೆಲಸ ಮಾಡುವ ಹಿತ್ತಿಲ ಬಾಗಿಲು ಅದು. ಆದರೆ ಅಲ್ಲಿ ಕೇಳುವುದು ಕೀ ಅಲ್ಲ, ಪಾಸ್‌ವರ್ಡ್. ನನ್ನ ಮುಖ್ಯ ಖಾತೆಗೆ ಕೀ ಮಾತ್ರವಿದ್ದು ಪಾಸ್‌ವರ್ಡನ್ನೇ ಕೊಟ್ಟಿರಲಿಲ್ಲವಾದ್ದರಿಂದ ಆ ಬಾಗಿಲು ಇದ್ದೂ ಇಲ್ಲದಂತಿತ್ತು. ಸೋಮವಾರ ಸಂಜೆ ಉದ್ದನೆಯ ಪಾಸ್‌ವರ್ಡೊಂದನ್ನು ಇಟ್ಟು, ಕಾಗದದಲ್ಲಿ ಬರೆದು ದಾಖಲೆಗಳ ಪೆಟ್ಟಿಗೆಯಲ್ಲಿರಿಸಿ, ಕನ್ಸೋಲಿನಿಂದಲೇ ಒಮ್ಮೆ ಒಳಹೋಗಿ ಬಂದೆ. ಅಷ್ಟು ಹೊತ್ತಿಗೆ ಕಪಾಟಿನ ಮೇಲಿನ ಫೋನು ಹೊಸ ಕೀಯಿಂದ ಭಾನುವಾರದ ಕೂಟವನ್ನು ಪೂರ್ತಿ ತಲುಪಿಸಿತ್ತು.