ಮರಸಾಲಿನ ಮರೆಯ ಗಾಳಿ

ಸಣ್ಣ ಖಾಸಗಿ ರನ್‌ವೇಯಲ್ಲಿ ಬಿಸಿನೆಸ್ ಜೆಟ್ ಇಳಿಸುವಾಗ ಅಡ್ಡಗಾಳಿಯ ವೇಗಕ್ಕಿಂತ ಅದು ದಿಢೀರನೆ ಬದಲಾಗುವುದೇ ಹೆಚ್ಚು ಅಪಾಯ. ಪಕ್ಕದಲ್ಲಿ ಮರಸಾಲೋ ಹ್ಯಾಂಗರೋ (ವಿಮಾನ ನಿಲ್ಲಿಸುವ ದೊಡ್ಡ ಶೆಡ್) ಇದ್ದರೆ, ಅದರ ಮರೆಗೆ ಇಳಿದ ಕೂಡಲೇ ಗಾಳಿ ಬಿದ್ದುಹೋಗುತ್ತದೆ. ಎದುರುಗಾಳಿಯ ಪಾಲು ಕಳೆದು ಏರ್‌ಸ್ಪೀಡ್ (ಸುತ್ತಲ ಗಾಳಿಗೆ ಹೋಲಿಸಿದ ವಿಮಾನದ ವೇಗ) ಕುಸಿಯುತ್ತದೆ, ವಿಮಾನ ಧೊಪ್ಪನೆ ಇಳಿಯುತ್ತದೆ. ಮರೆ ದಾಟಿದೊಡನೆ ಗಾಳಿ ಮತ್ತೆ ಪಕ್ಕದಿಂದ ತಳ್ಳುತ್ತದೆ. ಎಂಜಿನ್ ಐಡಲ್‌ನಿಂದ (ಅತಿ ಕಡಿಮೆ ಶಕ್ತಿಯಿಂದ) ಪೂರ್ತಿ ಥ್ರಸ್ಟ್‌ಗೆ (ಮುಂದೂಡುವ ಬಲಕ್ಕೆ) ಏರಲು ಕೆಲವು ಸೆಕೆಂಡು ಬೇಕು. 50 ಅಡಿ ಎತ್ತರದಲ್ಲಿ ಅಷ್ಟು ವ್ಯವಧಾನ ಎಲ್ಲಿದೆ?

20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿದ್ದರೆ ಅಡ್ಡ ಪಾಲು 10 ನಾಟ್, 60 ಡಿಗ್ರಿಗೆ 17. ಬೀಸು ಏರಿಳಿಯುತ್ತಿದ್ದರೆ ಗಸ್ಟ್‌ನ (ದಿಢೀರ್ ಬಿರುಬೀಸಿನ) ವೇಗವನ್ನೇ ಲೆಕ್ಕಕ್ಕೆ ಹಿಡಿಯಿರಿ. ಸ್ಥಿರ ಗಾಳಿಗಿಂತ ಗಸ್ಟ್ ಎಷ್ಟು ಹೆಚ್ಚೋ ಅದರಲ್ಲಿ ಅರ್ಧವನ್ನು ಅಪ್ರೋಚ್ ವೇಗಕ್ಕೆ (ಇಳಿಯಲು ರನ್‌ವೇ ಕಡೆಗೆ ಬರುವ ವೇಗಕ್ಕೆ) ಸೇರಿಸುವುದು ವಾಡಿಕೆ, ನಿಮ್ಮ ವಿಮಾನದ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಆದರೆ ಗಿಡ್ಡ ರನ್‌ವೇಯಲ್ಲಿ ಇದು ದುಬಾರಿ: ನೆಲ ಮುಟ್ಟುವ ವೇಗ ಶೇ. 10 ಹೆಚ್ಚಿದರೆ, ನಿಲ್ಲಲು ಸುಮಾರು ಶೇ. 21 ಹೆಚ್ಚು ದೂರ ಬೇಕು.